ಪೀಣ್ಯಕ್ಕೆ ಬರುವ ಮುನ್ನ

ಪೋರ್ಟ್ ಬ್ಲೇರ್
೧೨ ಜನವರಿ ೧೯೮೩

ಅಣ್ಣನಿಗೆ ಪಂಕಜಾ ಮಾಡುವ ನಮಸ್ಕಾರ.

ತಂತಿ ತಲುಪಿರಬೇಕು. ಇವರ ಕಾರ್ಖಾನೆಯವರು ಕೊಟ್ಟ ಪ್ರವಾಸದ ರಜೆಯಲ್ಲಿ ಅತ್ತೆ, ಮಾವ, ಮಗು ಎಲ್ಲರೂ ಅಂಡಮಾನ್ ನೋಡಲು ಬಂದೆವು. ಸಮುದ್ರತೀರದಲ್ಲಿ ಆಡುತ್ತಿದ್ದ ಕುಮುದಾಳನ್ನು ಅಲೆ ಎಳೆದುಕೊಂಡಿತು. ಈಜು ಬಾರದ ಮಾವನವರೇ ಮೊದಲು ನೀರಿಗಿಳಿದರು. ಮಗುವನ್ನು ಇವರ ಕೈಗೆ ದಾಟಿಸಿದರು, ತಾವು ಮೇಲೆ ಬರಲಿಲ್ಲ. ದೇಹ ಮರುದಿನ ಸಿಕ್ಕಿತು. ಹಡಗು ಬರುವವರೆಗೆ ಇಡುವಂತಿರಲಿಲ್ಲ, ಇಲ್ಲಿಯೇ ಸಂಸ್ಕಾರ ಮುಗಿಸಿದೆವು.

ಅತ್ತೆಯವರು ದುಃಖದಲ್ಲಿ, "ನಿನ್ನ ಎತ್ಕೊಳ್ಳೋಕೆ ಹೋಗಿ ತಾತ ಹೋದ್ರು ಕಣೇ" ಎಂದು ಮಗುವಿಗೆ ಅಂದುಬಿಟ್ಟರು. ಇವತ್ತು ತಲೆ ಬಾಚುವಾಗ, "ಅಮ್ಮ, ನನ್ನ ವಾಪಸ್ ನೀರಿಗೆ ಹಾಕಿದ್ರೆ ತಾತ ಬರ್ತಾರಾ?" ಎಂದು ಕೇಳಿದಳು.

ನಾವು ಪೀಣ್ಯಕ್ಕೆ ಬರುವಷ್ಟರಲ್ಲಿ ನೆಂಟರಿಗೆಲ್ಲ ನೀನೇ ಹೇಳಿಡು. ತಾತ ಹೇಗೆ ಹೋದರೆಂದು ಯಾರೂ ಅವಳೆದುರು ವಿಚಾರಿಸಬಾರದು.

ನಿನ್ನ ತಂಗಿ,
ಪಂಕಜಾ