ಹನ್ನೊಂದು ಚೀಲ ಹತ್ತಿ

ಸವಣೂರು,
ಮಂಗಳವಾರ, ೧೮ ನವೆಂಬರ್ ೨೦೨೫

ತಸ್ಲೀಮಾಳ ಅಪ್ಪನವರಿಗೆ ಮನೆಯಿಂದ ಲಾಲಬಿ ಮಾಡುವ ಸಲಾಮು.

ಹೇಗಿದ್ದೀರಿ? ಮೊಣಕಾಲು ನೋವು ಕಡಿಮೆಯಾಯಿತೇ? ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀರೋ, ಇಲ್ಲ ಮಗಳು ಪ್ರೀತಿಯಿಂದ ಮಾಡಿದಳು ಎಂದು ದಿನಾ ಶಿರಾ ತಿಂದು ಕೂತಿದ್ದೀರೋ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಫೋನ್ ಮಾಡಿದಾಗಲೆಲ್ಲ ನೀವು "ಆರಾಮ ಅದೇನಿ" ಎಂದು ಒಂದೇ ಮಾತು ಹೇಳಿ ಫೋನನ್ನು ತಸ್ಲೀಮಾಳ ಕೈಗೆ ತುರುಕಿಬಿಡುತ್ತೀರಿ. ಹಿಂದೆ ಅವಳು ನಗುವುದು ನನಗೆ ಕೇಳಿಸುತ್ತದೆ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀರಿ ಎಂದು ಇದನ್ನು ಬರೆಯಲು ಕೂತಿದ್ದೇನೆ. ಏಳನೆಯ ಇಯತ್ತೆ ಮುಗಿಸಿದ ಮೇಲೆ ಇಷ್ಟುದ್ದ ಬರೆದದ್ದೇ ಇಲ್ಲ, ಅಕ್ಷರ ಸೊಟ್ಟಗಿದ್ದರೆ ನಿಧಾನವಾಗಿ ಓದಿಕೊಳ್ಳಿ. ಓದಿ ಹೇಳು ಎಂದು ಮಗಳ ಕೈಗೆ ಮಾತ್ರ ಕೊಡಬೇಡಿ.

ಎರಡು ದಿನ ಇದ್ದು ಬರುತ್ತೇನೆ ಎಂದು ಎರಡು ಜೊತೆ ಬಟ್ಟೆ ಹಿಡಿದು ಹಾನಗಲ್ಲಿಗೆ ಹೋದಿರಿ. ಇಂದಿಗೆ ಮೂವತ್ತೆಂಟು ದಿನವಾಯಿತು. ಅಳಿಯ ರಿಯಾಜ ಒಳ್ಳೆಯವನು, ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಆದರೆ ಮಗಳ ಗಂಡನ ಮನೆಯಲ್ಲಿ ತಿಂಗಳುಗಟ್ಟಲೆ ತಳ ಊರುವ ಮಾವ ನಮ್ಮ ಕಡೆ ಇನ್ನೊಬ್ಬರಿದ್ದರೆ ತೋರಿಸಿ. ಇಲ್ಲಿ ಬಂದವರೆಲ್ಲ "ಯಜಮಾನ್ರು ಎಲ್ಲಿ ಅದಾರ್ರಿ?" ಎಂದು ಕೇಳುತ್ತಾರೆ. ಮೊದಲ ವಾರ ಮೊಮ್ಮಕ್ಕಳನ್ನು ನೋಡಲು ಹೋಗಿದ್ದಾರೆ ಎಂದೆ. ಎರಡನೆಯ ವಾರ ಜ್ವರ ಎಂದೆ. ಈಗ ಜ್ವರವನ್ನೂ ಇಷ್ಟು ದಿನ ಎಳೆಯಲಾಗುವುದಿಲ್ಲ.

ಊರಿನ ಸುದ್ದಿ ಕೇಳುತ್ತೀರಾದರೆ, ಊರು ಬೆಳೆಯುತ್ತಿದೆಯಂತೆ. ಬಂದವರೆಲ್ಲ ಹಾಗೇ ಹೇಳುತ್ತಾರೆ. ನನ್ನ ಕಣ್ಣಿಗಂತೂ ಬೆಳೆದದ್ದು ಧೂಳು ಮಾತ್ರ. ನೀವು ಹೋದ ಮೇಲೆ ನಮ್ಮ ಮನೆ ಮುಂದಿನ ರಸ್ತೆಯ ನಡುವೆ ಮೊಣಕಾಲೆತ್ತರದ ಸಿಮೆಂಟಿನ ಕಟ್ಟೆ ಕಟ್ಟಿದ್ದಾರೆ, ಡಿವೈಡರ್. ಎದುರು ಮನೆಯ ರೋಶನಬಿಗೆ ಒಂದು ಬಟ್ಟಲು ಸಾರು ಕೊಡಬೇಕೆಂದರೆ ಬ್ಯಾಂಕಿನವರೆಗೆ ನಡೆದು, ಕಟ್ಟೆಯಲ್ಲಿ ಸಂದಿ ಹುಡುಕಿ, ಅಷ್ಟೇ ದೂರ ತಿರುಗಿ ಬರಬೇಕು. ಮೊನ್ನೆ ಅವಳು ಸುತ್ತುವುದೇ ಬೇಡವೆಂದು ಕಟ್ಟೆ ದಾಟಲು ಹೋಗಿ, ಒಂದು ಕಾಲು ಆ ಕಡೆ ಒಂದು ಕಾಲು ಈ ಕಡೆ ಹಾಕಿ ಕುದುರೆ ಏರಿದವಳಂತೆ ಕೂತುಬಿಟ್ಟಳು. ಬಸ್ಸಿನ ಕಂಡಕ್ಟರ್ ಇಳಿದು ಬಂದು ಇಳಿಸಿದ. ಗಂಡ ತೀರಿಕೊಂಡ ಮೇಲೆ ಆಕೆ ನಕ್ಕಿದ್ದು ಅವತ್ತೇ ಮೊದಲು. ಹತ್ತಿಮತ್ತೂರು ರಸ್ತೆಯ ಗೋವಿನಜೋಳದ ಹೊಲಕ್ಕೆ ಕಲ್ಲು ನೆಟ್ಟು, ದೊಡ್ಡ ಕಮಾನು ಕಟ್ಟಿ, ಅದಕ್ಕೆ ಯಾವುದೋ ಸಿಟಿ ಎಂದು ಹೆಸರಿಟ್ಟಿದ್ದಾರೆ. ಒಳಗೆ ಒಂದು ಮನೆಯೂ ಇಲ್ಲ, ಎಮ್ಮೆಗಳು ಮೇಯುತ್ತವೆ. ಎಲೆಬಳ್ಳಿ ತೋಟ ಕಡಿದ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದಿದೆ. ನಲ್ಲಿ ನೀರು ಮಾತ್ರ ಮೊದಲಿನ ಹಾಗೆ ತನಗೆ ಮನಸ್ಸಾದಾಗ ಬರುತ್ತದೆ.

ಮಗ ಮುಜಾಫರನ ಹೊಸ ಗಾದಿ ಅಂಗಡಿಯ ಬಗ್ಗೆ ನೀವು ಕೇಳುವುದಿಲ್ಲ, ನಾನು ಹೇಳದೆ ಬಿಡುವುದಿಲ್ಲ. ಬಂಕಾಪುರ ರಸ್ತೆಗೆ ಈಗ ದಿನಾ ಒಂದು ಅಂಗಡಿ ತೆರೆಯುತ್ತದೆ, ಅದರಲ್ಲಿ ನಮ್ಮದೂ ಒಂದು. ಗಾಜಿನ ಬಾಗಿಲು ಇದೆಯೆಂದು ಜನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ, ಫೋಮಿನ ಗಾದಿಯನ್ನು ಒಂದು ಬೆರಳಿನಿಂದ ಒತ್ತಿ ನೋಡುತ್ತಾರೆ, ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾರೆ. ಆದರೂ ವಾರಕ್ಕೆ ಏಳೆಂಟು ಹೋಗುತ್ತಿವೆ. ನಿಮ್ಮ ತಂದೆಯವರ ಹತ್ತಿ ಹಿಂಜುವ ಬಿಲ್ಲನ್ನು ಗೋಡೆಗೆ ತೂಗುಹಾಕಿದ್ದಾನೆಂದು ನಿಮಗೆ ಸಿಟ್ಟು ಬಂದಿತ್ತು. ಹದಿನೈದು ವರ್ಷ ಅದು ಅಟ್ಟದ ಮೇಲೆ ಇಲಿಗಳ ಜೊತೆ ಬಿದ್ದಿದ್ದಾಗ ನಿಮಗೇನೂ ಅನ್ನಿಸಿರಲಿಲ್ಲ. ಬಿಲ್ಲು ಕೆಳಗಿಟ್ಟು ಹಿಂಜುವ ಮಷೀನು ತಂದವರೂ ನೀವೇ. ನಿಮ್ಮ ತಂದೆ ಆಗ ಹದಿನೈದು ದಿನ ನಿಮ್ಮ ಜೊತೆ ಮಾತು ಬಿಟ್ಟಿದ್ದರು. ಆದರೆ ಅವರು ಬ್ಯಾಗು ಹಿಡಿದು ಮಗಳ ಊರಿಗೆ ಹೋಗಿರಲಿಲ್ಲ, ಅದೊಂದು ಸಮಾಧಾನ.

ಈಗ ಹತ್ತಿಯ ಮಾತಿಗೆ ಬರುತ್ತೇನೆ. ರಸ್ತೆ ಅಗಲ ಮಾಡುವವರು ನಮ್ಮ ಹಳೆಯ ಅಂಗಡಿಯ ಮುಂಭಾಗ ಒಂಬತ್ತು ಅಡಿ ಕೆಡವುತ್ತೇವೆ ಎಂದಾಗ ಗಿರಾಕಿಗಳ ಹನ್ನೊಂದು ಚೀಲ ಹತ್ತಿಯನ್ನು ಹೊಸ ಅಂಗಡಿಯ ಹಿಂದಿನ ಕೋಣೆಗೆ ಸಾಗಿಸಿದೆವು. ಎಲ್ಲವೂ ಹಳೆಯ ಗಾದಿ ಬಿಚ್ಚಿ ತೆಗೆದ ಹತ್ತಿ, ಹಿಂಜಿ ಮತ್ತೆ ಅವರವರಿಗೇ ಹೊಲಿದುಕೊಡಬೇಕಾದದ್ದು. ಯಾವುದು ಯಾರದೆಂದು ನೀವು ಹೆಸರು ಬರೆಯುವವರಲ್ಲ. ಆ ಮನೆಯ ಹಳೆಯ ಸೀರೆಯದೋ ಲುಂಗಿಯದೋ ಅಂಚು ಹರಿದು ಚೀಲದ ಬಾಯಿಗೆ ಕಟ್ಟುತ್ತೀರಿ. "ಓದಾಕ ಬರದವರೂ ತಮ್ಮ ಮನಿ ಬಟ್ಟಿ ಗುರುತು ಹಿಡೀತಾರ" ಎನ್ನುತ್ತೀರಿ. ಸಾಗಿಸಿದ ಮೂರನೆಯ ದಿನ ನೀವು ಆ ಕೋಣೆಗೆ ಹೋದಾಗ ಹನ್ನೊಂದು ಚೀಲಗಳಿಗೂ ಬಾಯಿಗೆ ಒಂದೇ ಥರದ ಬಿಳಿ ಸುತಳಿ ಬಿಗಿದಿತ್ತು, ಒಂದು ಚಿಂದಿಯೂ ಇರಲಿಲ್ಲ. ಗಿರಾಕಿಗಳು ಇದ್ದಾರೆ ಎಂಬುದನ್ನೂ ನೋಡದೆ ನೀವು ಮಗನ ಮೇಲೆ ಕೂಗಾಡಿದಿರಿ. "ಗಿರಾಕಿ ಮನಿ ಗುರುತು ನಿನಗ ಕಸಾ ಕಂಡ್ತೇನಲೇ? ಇನ್ನ ಇಲ್ಲಿ ನನ್ನ ಕೆಲಸ ಮುಗೀತು" ಎಂದಿರಿ. ಅವನು ತಲೆ ಬಗ್ಗಿಸಿ ನಿಂತಿದ್ದ. ಒಂದು ಚೀಲಕ್ಕೂ ಕೈ ಹಾಕದೆ ನೀವು ಮಧ್ಯಾಹ್ನದ ಬಸ್ಸು ಹಿಡಿದಿರಿ.

ನೀವು ಬಸ್ಸು ಹಿಡಿದಿರಿ, ಚೀಲಗಳು ನನ್ನ ತಲೆಗೆ ಬಂದವು. ಹತ್ತು ಮನೆಯವರಿಗೆ ಏನೋ ಒಂದು ಹೇಳಿ ದಿನ ದೂಡಿದ್ದೇನೆ. ಹತ್ತಿಮತ್ತೂರಿನ ಅನ್ನವ್ವನಿಗೆ ಏನು ಹೇಳಲಿ? ಬರುವ ಆದಿತ್ಯವಾರ ಅವಳ ಮೊಮ್ಮಗಳು ಮಾಲಾಳ ಮದುವೆ. ಯಲವಿಗಿಗೆ ಕೊಡುತ್ತಿದ್ದಾರೆ. ಪಾತ್ರೆ, ಬಾಂಡೆ ಸಾಮಾನಿನ ಜೊತೆ ಗಾದಿ ಹೋಗಬೇಕು. ಅದು ಅವಳ ಗಂಡ ಗಿರಿಯಪ್ಪ ತನ್ನ ಎರಡೆಕರೆಯಲ್ಲಿ ಕೊನೆಯ ಸಲ ಬೆಳೆದ ಹತ್ತಿ, ಆಮೇಲೆ ಅವನೂ ಹೋದ, ಹೊಲಕ್ಕೆ ಗೋವಿನಜೋಳವೂ ಬಂತು. ಮೊಮ್ಮಗಳು ಅಜ್ಜನ ಹತ್ತಿಯ ಮೇಲೆಯೇ ಮಲಗಬೇಕೆಂದು ಅನ್ನವ್ವ ತನ್ನ ಗಾದಿಯನ್ನೇ ಬಿಚ್ಚಿ ತಂದುಕೊಟ್ಟು, ತಾನು ಚಾಪೆಯ ಮೇಲೆ ಮಲಗುತ್ತಿದ್ದಾಳೆ. ಇದು ನಿಮಗೂ ಗೊತ್ತು. ಆ ಹನ್ನೊಂದರಲ್ಲಿ ಇನ್ನೊಂದು ಯಾವುದಿದೆ ಎಂಬುದೂ ನಿಮಗೆ ಗೊತ್ತು. ರೋಶನಬಿಯ ಗಂಡ ದಸ್ತಗೀರಸಾಬ ಮಲಗಿ ಪ್ರಾಣ ಬಿಟ್ಟ ಗಾದಿಯ ಹತ್ತಿ ಅದು. ಅಂಥದ್ದನ್ನು ನೀವು ಬೇರೆ ಹತ್ತಿಯ ಜೊತೆ ಮಷೀನಿಗೂ ಹಾಕುವುದಿಲ್ಲ. ಕೈತಪ್ಪಿ ಅದು ಮದುವಣಗಿತ್ತಿಯ ಗಾದಿಯೊಳಗೆ ಹೋದರೆ ನಾಳೆ ಯಾವ ಮುಖ ಇಟ್ಟುಕೊಂಡು ಈ ಎರಡು ಮನೆಯವರನ್ನು ಮಾತಾಡಿಸುವುದು?

ನಾನೂ ಸುಮ್ಮನೆ ಕೂತಿಲ್ಲ. ಮೂವತ್ತೈದು ವರ್ಷ ನಿಮ್ಮ ಜೊತೆ ಧೂಳು ಕುಡಿದವಳು, ನನಗೂ ತಿಳಿದೀತು ಎಂದು ಒಂದೊಂದೇ ಚೀಲ ಬಿಚ್ಚಿ ಕೈ ಹಾಕಿದೆ, ಎಳೆ ಎಳೆದೆ, ಮೂಗಿನ ಹತ್ತಿರ ಹಿಡಿದೆ. ಸೀನು ಬಂತು, ಬೇರೆ ಏನೂ ತಿಳಿಯಲಿಲ್ಲ. ಮುಜಾಫರನಿಗೆ ಕೇಳಿದರೆ "ಹತ್ತಿಗೆ ಮಾರಿ ಇರ್ತೈತೇನವ್ವಾ, ಗುರುತು ಹಿಡ್ಯಾಕ? ಹುಬ್ಬಳ್ಳಿಯಿಂದ ಹೊಸಾದು ತರಸ್ತೇನಿ, ಛಲೋ ಗಾದಿ ಹೊಲದು ಕೊಡೂಣು" ಎನ್ನುತ್ತಾನೆ. ಅಪ್ಪನಿಗೆ ಎಲ್ಲ ಹಳೆಯದೇ ಆಗಬೇಕು, ಮಗನಿಗೆ ಎಲ್ಲದಕ್ಕೂ ಹೊಸದೇ ಮದ್ದು. ನಡುವೆ ನನ್ನ ತಲೆ ಗಿರಣಿಗೆ ಬಿದ್ದ ಕಾಳಾಗಿದೆ.

ಅನ್ನವ್ವ ಮೂರು ದಿನದಿಂದ ಮುಂಜಾನೆಯ ಬಸ್ಸಿಗೆ ಬರುತ್ತಾಳೆ. ತನ್ನ ಹತ್ತಿ ಹಿಂಜುವಾಗ ಗಿರಾಕಿ ಎದುರಿಗೆ ಕೂತು ನೋಡುವುದು ನೀವೇ ಹಾಕಿಕೊಟ್ಟ ರೂಢಿ. ಅವಳು ರೊಟ್ಟಿ ಗಂಟು ತೊಡೆಯ ಮೇಲಿಟ್ಟುಕೊಂಡು, ಫೋಮಿನ ಗಾದಿಗಳ ನಡುವೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಬಂದ ಗಿರಾಕಿಗಳಿಗೆ "ಇದರಾಗ ಹತ್ತಿ ಇಲ್ಲವಾ, ಬರೇ ಗಾಳಿ ತುಂಬ್ಯಾರ" ಎಂದು ಹೇಳುತ್ತಾಳೆ. ನಿನ್ನೆ ಇಬ್ಬರು ಅದನ್ನು ಕೇಳಿ ಎದ್ದೇ ಹೋದರು. ಅವಳ ಸಂಕಟ ನೋಡಲಾರದೆ ಮುಜಾಫರ, "ಆಯೀ, ಮಾಲಾಗ ಫೋಮಿನ ಗಾದಿ ಕೊಡ್ತೇನಿ, ಪುಕ್ಕಟ ಒಯ್ರಿ" ಎಂದುಬಿಟ್ಟ. ಅವನ ಮನಸ್ಸು ಒಳ್ಳೆಯದೇ, ಬುದ್ಧಿ ಮಾತ್ರ ನಿಮ್ಮದು. ಅನ್ನವ್ವ ಕುರ್ಚಿಯಿಂದ ಎದ್ದು ನಿಂತು, "ಪುಕ್ಕಟ ಯಾಕ ಕೊಡ್ತೀಯಪಾ? ನನ್ನ ಹತ್ತಿ ಏನಾತು?" ಎಂದು ಕೇಳಿದಳು. ಆಮೇಲೆ ಅವಳು ನೇರ ಮನೆಗೆ ಬಂದು ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು, "ಖರೇ ಹೇಳು ಲಾಲಬಿ, ನನ್ನ ಗಂಡನ ಹತ್ತಿ ಐತೋ ಇಲ್ಲೋ?" ಎಂದಳು. "ಐತ್ರಿ, ಇವರು ಬರ್ತಾರ, ಶುಕ್ರವಾರ ಗಾದಿ ನಿಮ್ಮ ಮನ್ಯಾಗ ಇರ್ತೈತಿ" ಎಂದು ಮಾತು ಕೊಟ್ಟೆ. ಅವಳಿಗೆ ಎಷ್ಟು ನಿರಾಳವಾಯಿತೆಂದರೆ, "ನಿನ್ನ ಗಂಡ ಫಕ್ರುಸಾಬನ ಕೈಗೆ ನಮ್ಮ ಹತ್ತಿ ಗುರುತೈತಿ ಬಿಡು" ಎಂದು ಅಲ್ಲೇ ಕೂತು ರೊಟ್ಟಿ ಬಿಚ್ಚಿ ನನಗೂ ಒಂದು ಕೊಟ್ಟಳು. ಅದನ್ನು ನಾನು ಹಾಗೇ ಮುಚ್ಚಿಟ್ಟೆ.

ಆದ್ದರಿಂದ ನನ್ನ ಮಾತು ಉಳಿಸುವುದು ಈಗ ನಿಮ್ಮ ಕೈಯಲ್ಲಿದೆ. ಈ ಕಾಗದ ತರುತ್ತಿರುವವನು ಅನ್ನವ್ವನ ಮಗ, ಮಾಲಾಳ ಅಪ್ಪ ಹಾಲೇಶ. ಹಾನಗಲ್ಲಿನ ನೆಂಟರಿಗೆ ಲಗ್ನಪತ್ರಿಕೆ ಕೊಡಲು ಬುಧವಾರ ಮುಂಜಾನೆ ಹೊರಟಿದ್ದಾನೆ. ತಿರುಗಿ ಬರುವಾಗ ಅವನ ಬೈಕಿನ ಹಿಂದೆ ಕೂತು ಬನ್ನಿ. ಅವನಿಗೆ ಹತ್ತಿಯ ಸಂಗತಿ ಏನೂ ಗೊತ್ತಿಲ್ಲ, ದಾರಿಯಲ್ಲಿ ಬಾಯಿ ಬಿಡಬೇಡಿ. ಬುಧವಾರ ಸಂಜೆಯೊಳಗೆ ನೀವು ಹತ್ತಿ ಮುಟ್ಟಿ ನೋಡಿ ಚೀಲ ಗುರುತಿಸಿದರೆ ಗುರುವಾರ ಹಿಂಜಿ ಹೊಲಿಯಬಹುದು. ನಾನೂ ಸೂಜಿ ಹಿಡಿಯುತ್ತೇನೆ. ಹೊಸ ಅಂಗಡಿಗೆ ಕಾಲಿಡುವುದಿಲ್ಲ ಎಂಬ ಹಟ ಇನ್ನೂ ಇದ್ದರೆ ಹನ್ನೊಂದೂ ಚೀಲಗಳನ್ನು ಮನೆಯ ಅಂಗಳಕ್ಕೆ ತರಿಸುತ್ತೇನೆ. ಊರೆಲ್ಲ ನೋಡಿ ನಗಲಿ, ನನಗೇನು.

ತಸ್ಲೀಮಾಗೂ ಅಳಿಯನಿಗೂ ನನ್ನ ದುವಾ, ಮಕ್ಕಳಿಗೆ ಮುತ್ತು. ಅಲ್ಲಾಹನು ನಿಮಗೆ ಗಟ್ಟಿ ಆರೋಗ್ಯ ಕೊಡಲಿ, ಸಿಟ್ಟನ್ನು ಅರ್ಧಕ್ಕೆ ಇಳಿಸಲಿ.

ಇಂತಿ,
ನಿಮ್ಮ ಮನೆಯವಳು
ಲಾಲಬಿ

ತಾ.ಕ.: ಬೆಳಗಾಯಿತು, ಹಾಲೇಶ ಬಂದುಬಿಟ್ಟಿದ್ದಾನೆ. ಅವನ ಕೈಗೆ ಚಹಾ ಕೊಟ್ಟು, ಒಲೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಚಿಂದಿ ಬಿಚ್ಚಿದವನು ಮುಜಾಫರ ಅಲ್ಲ, ನಾನು. ಹೊಸ ಅಂಗಡಿ ನೋಡಲು ಹುಬ್ಬಳ್ಳಿಯ ವ್ಯಾಪಾರಿ ಬರುತ್ತಾನೆಂದಾಗ ಆ ಕೊಳೆ ಚಿಂದಿಗಳು ಕಣ್ಣಿಗೆ ಚುಚ್ಚಿದವು, ಒಗೆದು ಮತ್ತೆ ಕಟ್ಟೋಣ, ಯಾವುದು ಯಾವ ಚೀಲದ್ದೆಂದು ನೆನಪಿರುತ್ತದೆ ಎಂದುಕೊಂಡೆ. ಸಂಜೆ ತಂತಿಯಿಂದ ತೆಗೆಯುವಾಗ ಒಂದೂ ನೆನಪಾಗಲಿಲ್ಲ. ಹನ್ನೊಂದೂ ಚಿಂದಿ ನನ್ನ ಟ್ರಂಕಿನಲ್ಲಿವೆ. ಅವು ಅಂಗಳದಲ್ಲಿ ಒಣಗುವುದನ್ನು ಮುಜಾಫರ ನೋಡಿದ್ದ. ನೀವು ನಾಲ್ಕು ಜನರ ಮುಂದೆ ಅವನನ್ನು ಬೈಯುವಾಗ ನಾನು ಬಾಗಿಲಲ್ಲೇ ನಿಂತಿದ್ದೆ, ಅವನು ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಈ ಮೂವತ್ತೆಂಟು ದಿನದಲ್ಲಿ ನನಗೂ ಒಂದು ಮಾತು ಅಂದಿಲ್ಲ. ಬಂದ ತಕ್ಷಣ ಚೀಲಕ್ಕೆ ಕೈ ಹಾಕುವ ಮುಂಚೆ ಅವನನ್ನು ಮಾತಾಡಿಸಿ. ನನ್ನನ್ನು ಆಮೇಲೆ ಎಷ್ಟು ಬೇಕಾದರೂ ಬೈಯಿರಿ, ಅವನ ಎದುರಿಗೇ ಬೈಯಿರಿ.