ಏಳನೇ ಮಂಚದ ಹಗ್ಗ

ಭದ್ರಾವತಿ, ೧೯೬೨

ಷಣ್ಮುಖಪ್ಪ,

ಇಂದು ಬೆಳಿಗ್ಗೆ ನಮ್ಮ ಆಸ್ಪತ್ರೆಯಲ್ಲಿ ಮತ್ತೆ ಬೆಂಕಿಯ ತಾಲೀಮು ನಡೆಯಿತು. ನಿನ್ನ ಏಳನೇ ಮಂಚದಲ್ಲೀಗ ಜನ್ನಾಪುರದ ಉಜ್ಜನಪ್ಪ ಇದ್ದಾನೆ. ಅವನದೂ ತೊಡೆ ಮುರಿದಿದೆ. ನಿನ್ನಂತೆಯೇ ಕಾಲನ್ನು ಹಗ್ಗದಿಂದ ತೂಕದ ಕಲ್ಲಿಗೆ ಕಟ್ಟಿದ್ದೇವೆ.

ಬೆಂಕಿ ಬಿದ್ದರೆ ಆ ಹಗ್ಗ ಕತ್ತರಿಸಿ ರೋಗಿಯನ್ನು ಬಿಡಿಸುವ ಕೆಲಸ ನನ್ನದು. ತಾಲೀಮಿನಲ್ಲಿ ಹಗ್ಗ ಹಾಳಾಗಬಾರದೆಂದು, ಮಂಚ ಮುಟ್ಟಿ "ಕತ್ತರಿಸಿದ್ದಾಯ್ತು" ಎಂದು ಕೂಗುವುದಷ್ಟೇ ನಮ್ಮ ರೂಢಿ. ನೀನು ನಗುತ್ತಿದ್ದೆ: "ಏ ಮಾರಾಯ, ನಾನಾಗ್ಲೇ ಹೊರಗೆ ಬೀಡಿ ಸೇದ್ತಿದೀನಿ!"

ನಿಜವಾದ ಬೆಂಕಿ ಬಿದ್ದ ದಿನವೂ ನಾನು ನಿನ್ನ ಮಂಚ ಮುಟ್ಟಿ, "ಕತ್ತರಿಸಿದ್ದಾಯ್ತು" ಎಂದು ಕೂಗಿ ಮುಂದಿನ ಮಂಚಕ್ಕೆ ಹೋದೆ. ತಿರುಗಿ ಬರುವಷ್ಟರಲ್ಲಿ ನಿನ್ನ ಮೇಲೆ ಸೂರು ಕುಸಿದಿತ್ತು. ಕತ್ತರಿ ನನ್ನ ಜೇಬಿನಲ್ಲೇ ಇತ್ತು.

ಇಂದು ಉಜ್ಜನಪ್ಪ ನನ್ನ ಕೈ ಹಿಡಿದು, "ಬೆಂಕಿ ಬಿದ್ರೆ ನಿಜವಾಗ್ಲೂ ಕತ್ತರಿಸ್ತೀರಲ್ವಾ ಸ್ವಾಮಿ?" ಎಂದ. ಡಾಕ್ಟರು ಗಡಿಯಾರ ನೋಡುತ್ತಿದ್ದರು.

ಮಂಚ ಮುಟ್ಟಿ, "ಕತ್ತರಿಸಿದ್ದಾಯ್ತು" ಎಂದು ಕೂಗಿದೆ.

ತಾಲೀಮು ಮುಗಿಯಲು ನಾಲ್ಕೇ ನಿಮಿಷ. ಡಾಕ್ಟರು ಮೆಚ್ಚಿಕೊಂಡರು.