ಪಕ್ಕದ ಸೀಟಿನ ಪೆಡಲು

ಭಾನುವಾರ, ಮಧ್ಯಾಹ್ನ
ಅಪ್ಪನ ಬಟ್ಟೆ ಕತ್ತರಿಸುವ ಮೇಜಿನ ಮೇಲಿಂದ

ನನ್ನ ಗುಬ್ಬೀ,

ಮೊದಲು ನೀನು ಕೇಳಿದ್ದಕ್ಕೆ ಉತ್ತರ ಹೇಳಿಬಿಡುತ್ತೇನೆ. ಕಾರು ಬಂತು, ನೋಡಿದೆ, ಸಹಿ ಹಾಕಿದೆ. ಈಗ ಮನೆ ಮುಂದೆ ನಿಂತಿದೆ. ಮೊನ್ನೆ ಫೋನಿನಲ್ಲಿ "ಎಲ್ಲಾ ಚೆನ್ನಾಗಿದೆ, ಆಮೇಲೆ ಹೇಳ್ತೀನಿ" ಎಂದು ಪಟಕ್ಕನೆ ಇಟ್ಟುಬಿಟ್ಟೆನಲ್ಲ, ನಿನಗೆ ಅನುಮಾನ ಬಂದೇ ಬಂದಿರುತ್ತದೆ. ನಿನ್ನ ಅನುಮಾನ ಸರಿ. ಆದರೆ ಫೋನಿನಲ್ಲಿ ಹೇಳೋಣವೆಂದರೆ ನಿನ್ನಪ್ಪ ಪಕ್ಕದಲ್ಲೇ ನಿಂತು ನನ್ನ ಒಂದೊಂದು ಮಾತಿಗೂ ತೇಪೆ ಹಾಕುತ್ತಾರೆ. ದರ್ಜಿಯ ಚಾಳಿ, ಎಲ್ಲಿ ಹೋಗುತ್ತದೆ? ಅದಕ್ಕೇ ಈ ಕಾಗದ. ಅವರು ಊಟ ಮಾಡಿ ಮಲಗಿದ್ದಾರೆ. ಗೊರಕೆ ಕೇಳಿಸುತ್ತಿರುವವರೆಗೆ ನಾನು ನಿರಾತಂಕವಾಗಿ ಬರೆಯಬಹುದು.

ಫೋಟೋ ನೋಡಿ ಕಾರು ಕೊಂಡಿದ್ದಕ್ಕೆ ನೀನು ನನ್ನನ್ನು ಬೈದದ್ದು ಮರೆತಿಲ್ಲ. ಇಪ್ಪತ್ತಾರು ವರ್ಷ ಡ್ರೈವಿಂಗ್ ಸ್ಕೂಲಿನ ಬಿಳಿ ಕಾರಿನಲ್ಲಿ ಕೂತು ಊರಿಗೆಲ್ಲಾ ಕಲಿಸಿ ಕಲಿಸಿ ನನಗೆ ಬಿಳಿ ಬಣ್ಣ ಕಂಡರೆ ಆಗದು. ಕೆಲಸ ಬಿಟ್ಟ ಮೇಲೆ ಕೊಳ್ಳುವ ನನ್ನ ಸ್ವಂತ ಕಾರು ಸಾಸಿವೆ ಹೂವಿನ ಬಣ್ಣದ್ದೇ ಆಗಬೇಕು ಎಂದು ಹಟ ಹಿಡಿದೆ. ಇಲ್ಲಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ಎಲ್ಲೋ ದೂರದ ಡೀಲರ್ ಒಬ್ಬನ ಹತ್ತಿರ ಒಂದೇ ಒಂದು ಇತ್ತು, ಲಾರಿಯಲ್ಲಿ ಕಳಿಸುತ್ತೇನೆಂದ. "ಕಣ್ಣಲ್ಲಿ ನೋಡದೆ ಒಂದು ಬದನೆಕಾಯಿ ತಗೊಳ್ಳಲ್ಲ, ಕಾರು ತಗೊಳ್ತೀಯಾ?" ಎಂದು ನೀನು ಕೇಳಿದಾಗ ನೆಟ್‌ವರ್ಕ್ ಹೋಯಿತು ಎಂದು ಸುಳ್ಳು ಹೇಳಿದ್ದೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಲಾರಿ ಹೋದ ಸೋಮವಾರ ಬೆಳಿಗ್ಗೆಯೇ ಬಂತು. ನಮ್ಮ ಬೀದಿಯೊಳಗೆ ಹಿಡಿಸಲಿಲ್ಲ, ಬೇಕರಿಯ ಮುಂದೆ ನಿಲ್ಲಿಸಿ ಹಲಗೆ ಇಳಿಬಿಟ್ಟರು. ಕಾರು ಹಿಮ್ಮುಖವಾಗಿ ಇಳಿದು ಬರುವಾಗ ನನ್ನ ಎದೆ ಢವಢವ ಎನ್ನುತ್ತಿತ್ತು, ನಿನ್ನನ್ನು ಮೊದಲ ದಿನ ಶಾಲೆಗೆ ಬಿಟ್ಟಾಗ ಹೀಗೇ ಆಗಿತ್ತು. ಬಣ್ಣ ಫೋಟೋದಲ್ಲಿ ಇದ್ದುದಕ್ಕಿಂತ ಚೆಂದ ಕಣೇ! ಬೀದಿಗೆ ಬೀದಿಯೇ ಬೆಳಗಿತು.

ಲಾರಿಯವನಿಗೆ ಅವಸರ. ಕೆಳಗಿಳಿದವನೇ ಕಾಗದ ಚಾಚಿ, "ಅಮ್ಮಾ, ಇಲ್ಲೊಂದು ಸೈನ್ ಹಾಕ್ಬಿಡಿ, ಇನ್ನೂ ಎರಡು ಕಡೆ ಹೋಗ್ಬೇಕು" ಎಂದ. "ನೋಡಿದ ಮೇಲೆ ಸೈನ್, ಅಲ್ಲಿವರೆಗೆ ಟೀ" ಎಂದೆ. ಲಾರಿಯವರ ಮೇಲೆ ಕನಿಕರ ತೋರಿಸಬೇಡ ಎಂದು ನೀನು ಹೇಳಿದ್ದೆ, ಗೊತ್ತು. ಟೀ ಜೊತೆ ಬನ್ನೂ ಕೊಡಿಸಿದೆ. ಬನ್ ತಿನ್ನುವವನು ಅವಸರ ಮಾಡುವುದಿಲ್ಲ, ಇದು ನನ್ನ ಲೆಕ್ಕಾಚಾರ.

ಆಮೇಲೆ ಶುರುವಾಯಿತು ನನ್ನ ತಪಾಸಣೆ. ಓರೆ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಬಾಗಿಲಿಂದ ಬಾಗಿಲಿಗೆ ಬಣ್ಣ ನೋಡಿದೆ. ಎಲ್ಲೂ ಗೀರಿಲ್ಲ, ತಗ್ಗಿಲ್ಲ. ಬಾನೆಟ್ ಎತ್ತಿ ಎಂಜಿನ್ ಮೇಲಿನ ನಂಬರನ್ನು ಕಾಗದದ ನಂಬರಿಗೆ ಹೋಲಿಸಿದೆ. ಟೈರು, ಡಿಕ್ಕಿಯೊಳಗಿನ ಸ್ಟೆಪ್ನಿ, ಜಾಕು, ವೈಪರು, ಎಲ್ಲಾ ಲೈಟು. ಕಾಲಡಿಯ ಚಾಪೆ ಎತ್ತಿ ಒದ್ದೆಯಿದೆಯೇ ಎಂದು ಹಿಂದಿನ ಸೀಟಿನ ಕೆಳಗೆ ಕೈಯಾಡಿಸಿದೆ. ಮುಂದಿನ ಪಕ್ಕದ ಸೀಟಿನ ಕಡೆಗೆ ಬರುವಷ್ಟರಲ್ಲಿ ನಿನ್ನಪ್ಪ ಅಲ್ಲಿ ಅಡ್ಡ ಕೂತು, "ಈ ಕಡೆ ನಾನು ನೋಡಿದೀನಿ, ನೀನು ಹಾರನ್ ನೋಡು" ಎಂದರು. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ ನೋಡು.

ಅವರದ್ದು ಬೇರೆಯೇ ತಪಾಸಣೆ. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದಿದ್ದರು. ಸೀಟಿನ ಹೊಲಿಗೆಯ ಮೇಲೆಲ್ಲಾ ಬೆರಳು ಓಡಿಸಿ, ಡ್ರೈವರ್ ಸೀಟಿನ ಬೆನ್ನಿನ ಹತ್ತಿರ ಒಂದು ಕಡೆ ದಾರ ಬಿಟ್ಟಿರುವುದನ್ನು ಹುಡುಕಿಬಿಟ್ಟರು. "ಇಷ್ಟು ದುಡ್ಡಿನ ಗಾಡಿ, ಒಂದು ಗಂಟು ನೆಟ್ಟಗೆ ಹಾಕಕ್ಕೆ ಬರಲ್ವಾ ಇವರಿಗೆ?" ಎಂದು ಗೊಣಗುತ್ತಾ ಅಂಗಡಿಗೆ ಓಡಿ, ಅದೇ ಬಣ್ಣದ ದಾರ ಪೋಣಿಸಿದ ಸೂಜಿ ತಂದು ಅಲ್ಲೇ ಹೊಲಿದರು. ಲಾರಿಯವನು ಬನ್ ಕೈಯಲ್ಲಿ ಹಿಡಿದುಕೊಂಡು ಬಾಯಿ ಬಿಟ್ಟು ನೋಡುತ್ತಿದ್ದ.

ಕೊನೆಗೆ ಅವನು ಬೀಗದ ಕೈ ಕೊಟ್ಟು "ಒಂದು ರೌಂಡ್ ಓಡಿಸಿ ನೋಡಿ ಅಮ್ಮಾ" ಎಂದ. ನಾನು ಸೀರೆ ಸೆರಗು ಸಿಕ್ಕಿಸಿಕೊಂಡು, ಗಂಭೀರವಾಗಿ ಹೋಗಿ, ಬಾಗಿಲು ತೆಗೆದು ಕೂತು, ಬೆಲ್ಟ್ ಹಾಕಿಕೊಂಡು, ಮುಂದೆ ನೋಡುತ್ತಾ ಕಾದೆ. ಕಾದೆ. ಬೇಕರಿಯವನು ಕಿಟಕಿಗೆ ಬಂದು ಬಗ್ಗಿದ. ಇವನಿಗೆ ಕಲಿಸುವಷ್ಟರಲ್ಲಿ ನನ್ನ ಅರ್ಧ ಕೂದಲು ಬೆಳ್ಳಗಾಗಿತ್ತು ಎಂದು ನಿನಗೆ ಹೇಳಿದ್ದೆನಲ್ಲ, ಅವನೇ. "ಮೇಡಂ, ಯಾರಿಗೆ ಕಾಯ್ತಾ ಇದೀರಾ? ಸ್ಟೇರಿಂಗು ಆ ಕಡೆ ಇದೆ" ಎಂದ.

ನಾನು ಪಕ್ಕದ ಸೀಟಿನಲ್ಲಿ ಕೂತಿದ್ದೆ, ಗುಬ್ಬೀ! ಇಪ್ಪತ್ತಾರು ವರ್ಷದ ಅಭ್ಯಾಸ, ಕಾಲು ತಾನಾಗಿಯೇ ಅಲ್ಲಿಗೆ ಕರೆದುಕೊಂಡು ಹೋಗಿತ್ತು. ಸೇರಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ನಗುನಗುತ್ತಾ ಇಳಿಯಲು ಹೋದವಳಿಗೆ ಪಾದದಡಿ ಏನೋ ತಾಕಿತು. ಬಗ್ಗಿ ನೋಡಿದರೆ ಕ್ಲಚ್ಚು, ಬ್ರೇಕು. ಸ್ಕೂಲಿನ ಕಾರುಗಳಲ್ಲಿ ಕಲಿಸುವವರ ಕಾಲಿಗೆ ಇರುತ್ತವಲ್ಲ, ಅವೇ ಎರಡು ಪೆಡಲು.

ನಗು ಅಲ್ಲೇ ಇಂಗಿಹೋಯಿತು.

ಸ್ಕೂಲಿನ ಫೋನ್ ನಂಬರಿನಿಂದ ಆರ್ಡರ್ ಕೊಟ್ಟಿದ್ದೆ. ಡೀಲರ್ ತನಗೆ ತಾನೇ ಇದು ಕಲಿಸುವ ಕಾರು ಎಂದುಕೊಂಡು ಜೋಡಿಸಿದ್ದಾನೆ ಎಂದು ನನಗೆ ಸಿಟ್ಟು ನೆತ್ತಿಗೇರಿತು. ನಿನಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಎರಡು ಕಬ್ಬಿಣದ ತುಂಡು, ಇದ್ದರೆ ಇರಲಿ, ಎನ್ನಬಹುದು. ಆದರೆ ಆ ಪೆಡಲಿನ ಮೇಲೆ ಕಾಲಿಟ್ಟು ಕೂತವರಿಗೆ ಗೊತ್ತು ಅದು ಏನು ಎಂದು. ಒಂದು ಗಳಿಗೆ ಮೈ ಸಡಿಲ ಬಿಡುವ ಹಾಗಿಲ್ಲ. ಯಾರ ಕೈ ನಡುಗುತ್ತಿದೆ, ಯಾರು ಕನ್ನಡಿ ನೋಡಲಿಲ್ಲ, ಎದುರಿಗೆ ಬರುವ ಸೈಕಲ್ಲು, ಅಡ್ಡ ನುಗ್ಗುವ ನಾಯಿ. ಅಷ್ಟು ವರ್ಷ ಇದೇ ಊರಿನ ರಸ್ತೆಯಲ್ಲಿ ತಿರುಗಿದೆ, ರಸ್ತೆ ಪಕ್ಕ ಯಾವ ಮರ ಇದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಸ್ಟೇರಿಂಗು ನನ್ನ ಕೈಲಿ, ಪಕ್ಕದಲ್ಲಿ ಕಡಲೆಕಾಯಿ ಸುಲಿದುಕೊಡುವ ನಿನ್ನಪ್ಪ, ಅವರ ಕಾಲ ಹತ್ತಿರ ಖಾಲಿ ಜಾಗ. ನನಗೆ ಬೇಕಾಗಿದ್ದುದು ಇಷ್ಟೇ. ಅದೇ ಇಲ್ಲ ಎಂದರೆ ಸಾಸಿವೆ ಬಣ್ಣ ತೆಗೆದುಕೊಂಡು ಏನು ಮಾಡಲಿ?

"ಬೇಡ, ವಾಪಸ್ ತಗೊಂಡು ಹೋಗಿ" ಎಂದೆ.

"ಹೇರ್ಕೊಂಡು ಹೋಗೋದು ನನಗೇನು ಕಷ್ಟ ಇಲ್ಲ ಅಮ್ಮಾ. ಆದ್ರೆ ಒಂದ್ಸಲ ವಾಪಸ್ ಹೋದ್ರೆ ಮತ್ತೆ ಯಾವಾಗ ಬರುತ್ತೋ, ಈ ಬಣ್ಣ ಸಿಗುತ್ತೋ ಇಲ್ವೋ, ನಾನು ಹೇಳಕ್ಕಾಗಲ್ಲ" ಎಂದ ಲಾರಿಯವನು. ಒಳ್ಳೆಯ ಮನುಷ್ಯ. ಅವನ ಮೇಲೆ ಕೂಗಾಡಿ ಪ್ರಯೋಜನವಿಲ್ಲ ಎಂದು ನಾನು ಡೀಲರಿಗೆ ಮಾಡಲು ಫೋನ್ ತೆಗೆದೆ. ಅಷ್ಟರಲ್ಲಿ ನಿನ್ನಪ್ಪ ಬಂದು ಫೋನಿನ ಮೇಲೆ ಕೈ ಇಟ್ಟರು. ಅಳತೆ ಟೇಪನ್ನು ಇನ್ನೊಂದು ಕೈಯ ಬೆರಳಿಗೆ ಸುತ್ತುತ್ತಿದ್ದರು. ಯಾರದ್ದಾದರೂ ಬಟ್ಟೆ ತಪ್ಪು ಕತ್ತರಿಸಿದಾಗ ಮಾಡುತ್ತಾರಲ್ಲ, ಹಾಗೆ.

"ಅವರಿಗೆ ಬೈಬೇಡ ಕಣೆ. ಫೋನ್ ಮಾಡಿ ಹಾಕಿಸಿದ್ದು ನಾನೇ" ಎಂದರು.

ನನಗೆ ಕೆನ್ನೆಗೆ ಹೊಡೆದಂತಾಯಿತು. ಊರಿಗೆಲ್ಲಾ ಕಲಿಸಿದವಳು ನಾನು, ಕಟ್ಟಿಕೊಂಡ ಗಂಡನಿಗೇ ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ಲ! "ಅಲ್ಲಾರೀ, ನಾನು ಓಡಿಸ್ತಿದ್ರೆ ನೀವು ಬ್ರೇಕ್ ಹಾಕ್ಬೇಕಾ? ಅಷ್ಟು ಭಯಾನಾ ನಿಮಗೆ?" ಎಂದು ನಡುಬೀದಿಯಲ್ಲೇ ಕೇಳಿದೆ.

"ನನ್ನ ಕಾಲಿಗಲ್ಲ ಮಾರಾಯ್ತಿ, ನಿನ್ನ ಕಾಲಿಗೆ" ಎಂದರು. ಆಮೇಲೆ ಮುಖ ತಗ್ಗಿಸಿ, ಕಾರಿನ ಚಕ್ರದ ಜೊತೆ ಮಾತಾಡುವವರ ಹಾಗೆ ಹೇಳಿದರು. "ಬೇಕರಿಯವನಿಗೆ ಕಲಿಸ್ದೆ, ಗುಬ್ಬಿಗೆ ಕಲಿಸ್ದೆ, ಎದುರು ಮನೆ ಡಾಕ್ಟರಿಗೆ ಕಲಿಸ್ದೆ. ಅರ್ಧ ಊರಿಗೆ ಬಾ ಕೂತ್ಕೋ ಅಂದೆ. ನನಗೆ ಮಾತ್ರ ಅನ್ನಲಿಲ್ಲ. ನಾನೂ ಕೇಳಲಿಲ್ಲ, ನೀನು ಸಂಜೆ ಸುಸ್ತಾಗಿ ಬರ್ತಿದ್ದೆ, ಮತ್ತೆ ಅದೇ ಗೋಳು ಯಾಕೆ ಅಂತ. ಈಗ ಬಿಡುವಾಗಿದೀಯಲ್ಲ, ನನಗೂ ಕಲಿಸ್ತೀಯೇನೋ ಅಂದ್ಕೊಂಡೆ."

ನಾನು ಫೋನ್ ಕೆಳಗಿಳಿಸಿದೆ, ಗುಬ್ಬೀ. ಇವರಿಗೆ ಕಾರೆಂದರೆ ಹೆದರಿಕೆ ಎಂದೇ ನಾನು ತಿಳಿದಿದ್ದೆ. ಡ್ರೈವಿಂಗ್ ಟೀಚರ್ ಗಂಡನಿಗೆ ಡ್ರೈವಿಂಗ್ ಬರಲ್ಲ ಎಂದು ನೀನೂ ನಾನೂ ಊಟಕ್ಕೆ ಕೂತಾಗಲೆಲ್ಲಾ ಎಷ್ಟು ನಕ್ಕಿದ್ದೇವೆ, ಅವರೂ ನಮ್ಮ ಜೊತೆ ನಗುತ್ತಿದ್ದರು. ಲಾರಿಯವನು ಟವೆಲ್ ತೆಗೆದು, ಒರೆಸಬೇಕಾದ ಅಗತ್ಯವೇ ಇಲ್ಲದ ಗಾಜನ್ನು ಒರೆಸತೊಡಗಿದ. ಬೇಕರಿಯವನು ಒಳಗೇನೋ ಸೀಯುತ್ತಿರುವುದು ನೆನಪಾದವನಂತೆ ಓಡಿದ.

ಆದರೂ ನಾನು ತಕ್ಷಣ ಒಪ್ಪಿದೆ ಎಂದುಕೊಳ್ಳಬೇಡ. ಅವರಿಗೆ ಕಲಿಸಬೇಕೆಂದರೆ ಮತ್ತೆ ಅದೇ ಸೀಟು, ಅದೇ ಪೆಡಲು, ಅದೇ ಜೀವ ಹಿಡಿದುಕೊಂಡು ಕೂರುವುದು. ನನಗೆ ಅದು ಖಂಡಿತ ಬೇಡವಾಗಿತ್ತು. ಅವರ ಮುಖ ನೋಡಿದರೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಎಲ್.ಎಲ್., ಅಂದರೆ ಕಲಿಯುವವರ ಲೈಸೆನ್ಸ್, ಬೇಕಾಗುತ್ತದೆ, ಅದಕ್ಕೆಲ್ಲಾ ಓಡಾಡಬೇಕು ಎಂದು ಒಂದು ಅಡ್ಡಗಾಲು ಹಾಕಿ ನೋಡಿದೆ. ಜೇಬಿನಿಂದ ತೆಗೆದೇಬಿಟ್ಟರು! ಹಿಂದೊಂದು ದಿನ ಪೇಟೆಯಿಂದ ದಾರ ತರುತ್ತೇನೆ ಎಂದು ಹೋದವರು ಅದನ್ನು ಮಾಡಿಸಿಕೊಂಡು ಬಂದಿದ್ದಾರೆ. ಫೋಟೋದಲ್ಲಿ ತಲೆ ಬಾಚಿಕೊಂಡು ಮದುಮಗನ ಹಾಗೆ ಕೂತಿದ್ದಾರೆ, ಕಳ್ಳ.

ಕೊನೆಗೆ ಒಂದು ಒಪ್ಪಂದವಾಯಿತು. ರಸ್ತೆಯಲ್ಲಿ ನಾನೇ ಓಡಿಸುವುದು. ಮುಚ್ಚಿಹೋದ ಕಾರ್ಖಾನೆಯ ಹಿಂದಿನ ಖಾಲಿ ಮೈದಾನದಲ್ಲಿ ಸಂಜೆ ಸ್ವಲ್ಪ ಹೊತ್ತು ಅವರು. ಅವರಿಗೆ ಲೈಸೆನ್ಸ್ ಬಂದ ದಿನವೇ ಆ ಪೆಡಲುಗಳನ್ನು ಕಿತ್ತು ಗುಜರಿಗೆ ಹಾಕುವುದು. ಇದಕ್ಕೆ ಲಾರಿಯವನೇ ಸಾಕ್ಷಿ. ನಾನು ಸಹಿ ಹಾಕಿದ ಕಾಗದವನ್ನು ಮಡಚಿಕೊಳ್ಳುತ್ತಾ, "ಲಾರಿಗೂ ಹಿಂಗೆ ಎರಡು ಬ್ರೇಕ್ ಇದ್ದಿದ್ರೆ ನನ್ನ ಹೆಂಡ್ತಿ ನನ್ನ ಜೊತೇಲೇ ಬಂದು ಕೂತಿರ್ತಿದ್ಲು ಅಮ್ಮಾ, ಅಷ್ಟು ಆಸೆ ಅವಳಿಗೆ ನನ್ನ ತಡೆಯಕ್ಕೆ" ಎಂದು ನಗಿಸಿ ಹೋದ.

ಅಂದೇ ಮೊದಲ ಸವಾರಿ. ಸ್ಟೇರಿಂಗು ನನ್ನ ಕೈಗೆ ಬಂತು. ಆಸ್ಪತ್ರೆಯ ರಸ್ತೆ ದಾಟುವವರೆಗೆ ಸ್ವರ್ಗ. ಅಲ್ಲಿ ಸಿಗ್ನಲ್ ಹತ್ತಿರ ನಾನಿನ್ನೂ ನಿಧಾನ ಮಾಡುತ್ತಿದ್ದೇನೆ, ಅಷ್ಟರಲ್ಲಿ ಕಾರು ಗಕ್ಕನೆ ನಿಂತುಬಿಟ್ಟಿತು. ಹಿಂದಿನವನು ಹಾರನ್ ಹೊಡೆದೂ ಹೊಡೆದೂ ಸುಸ್ತಾದ. "ಹೊಲಿಗೆ ಮಿಷನ್ ತುಳಿದು ತುಳಿದು ಅಭ್ಯಾಸ, ಕಾಲು ತಾನೇ ಹೋಯ್ತು ಕಣೆ" ಎಂದರು ನಿನ್ನಪ್ಪ. ಬೆಳಿಗ್ಗೆ ನನ್ನ ಕಾಲು ಮಾಡಿದ್ದೂ ಅದೇ ತಾನೇ, ಏನೆಂದು ಬೈಯಲಿ? ಚಪ್ಪಲಿ ಬಿಚ್ಚಿಸಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿದೆ. ಈಗ ರಸ್ತೆಗೆ ಹೋದಾಗಲೆಲ್ಲಾ ಹಾಗೇ ಕೂರುತ್ತಾರೆ, ಮಡಿಲಲ್ಲಿ ಕಡಲೆಕಾಯಿ ಪೊಟ್ಟಣ. ಆ ಆಸ್ಪತ್ರೆಯ ರಸ್ತೆಯ ಉದ್ದಕ್ಕೂ ಬೇವಿನ ಮರಗಳಿವೆ, ಗುಬ್ಬೀ. ನಿನಗೆ ಗೊತ್ತಿತ್ತೇ?

ಗೊರಕೆ ನಿಂತಿತು, ಎದ್ದರು ಅನ್ನಿಸುತ್ತದೆ. ಸಂಜೆಯ ಪಾಠಕ್ಕೆ ಶರ್ಟ್ ಇಸ್ತ್ರಿ ಮಾಡಿಟ್ಟುಕೊಂಡಿದ್ದಾರೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಮೈದಾನದ ಪಾಠ ಮುಗಿದ ಮೇಲೆ ನಿನ್ನ ಊರಿನ ದಾರಿ ಹಿಡಿಯುವುದು ಎಂದು ಮಾತಾಗಿದೆ. ಯಾರು ಎಷ್ಟು ದೂರ ಓಡಿಸುವುದು ಎಂಬ ಜಗಳ ಇನ್ನೂ ಮುಗಿದಿಲ್ಲ. ನಿನ್ನ ಮನೆ ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ ಮಾಡಿಟ್ಟಿರು.

ಕನ್ನಡಿ ನೋಡಿಕೊಂಡು ತಿರುಗು, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಮರೆತಿದ್ದು: ಒಂದು ವಿಷಯ ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತೂಗಿದೆ. ನಿನ್ನೆ ಸಂಜೆ ಮೈದಾನದಲ್ಲಿ ನಿನ್ನಪ್ಪ ಸುತ್ತು ಹಾಕುತ್ತಿದ್ದರು. ಗೇರು ಬದಲಿಸಿದ್ದೇ ತಿಳಿಯದಂತೆ ನುಣ್ಣಗೆ, ಬಟ್ಟೆಯ ಅಂಚು ಹೊಲಿಯುವವರ ಹಾಗೆ ಓಡಿಸುತ್ತಾರೆ. ಕಿಟಕಿಯಿಂದ ಗಾಳಿ ಬರುತ್ತಿತ್ತು. ನನ್ನ ಕಾಲು ಯಾವಾಗ ಪೆಡಲಿನಿಂದ ಈಚೆ ಬಂತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕಾರು ಗೋಡೆಯ ನೆರಳಿನಲ್ಲಿ ನಿಂತಿತ್ತು, ಹ್ಯಾಂಡ್ ಬ್ರೇಕ್ ಎಳೆದಿತ್ತು, ಎಂಜಿನ್ ಬಂದ್ ಆಗಿತ್ತು, ನಿನ್ನಪ್ಪ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಆ ಸೀಟಿನಲ್ಲಿ ಇಪ್ಪತ್ತಾರು ವರ್ಷ ರೆಪ್ಪೆ ಬಡಿಯದೆ ಕೂತವಳು ನಿದ್ದೆ ಹೋಗಿಬಿಟ್ಟಿದ್ದೆ, ಗುಬ್ಬೀ. "ಒಂದು ಮಾತೂ ಬೈಲಿಲ್ಲ ಇವತ್ತು, ಕಣ್ಣು ಮುಚ್ಚಿ ಎಂಜಿನ್ ಸದ್ದು ಕೇಳಿ ಪರೀಕ್ಷೆ ಮಾಡ್ತಿದ್ಯಾ?" ಎಂದು ಕೇಳಿದರು. ಹೌದು, ಪಾಸು ಎಂದೆ. ಮನೆಗೆ ಬರುವವರೆಗೂ ಸಿಳ್ಳೆ ಹಾಕುತ್ತಿದ್ದರು. ನಿಜ ಏನೆಂದು ಅವರಿಗೆ ಹೇಳಬೇಡ.